ಒಪ್ಪಿಸದೆ ಉಳಿದ ಹುಳುಕು

ಹುಳುಕು ನನಗೆ ಅವತ್ತೇ ಕಂಡಿತ್ತು, ಶರಣು. ಆಮೇಲೆ ಕಂಡದ್ದಲ್ಲ, ವಯಸ್ಸಾಗಿ ಬುದ್ಧಿ ಬಂದ ಮೇಲೆ ಹೊಳೆದದ್ದೂ ಅಲ್ಲ. ಕಂಟೋನ್ಮೆಂಟ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ನೀನು ನನ್ನ ಪಕ್ಕದಲ್ಲಿ ಕೂತಿದ್ದಾಗ, ಆ ವಾದ ನನ್ನ ಬಾಯಿಂದ ಹೊರಗೆ ಬರುತ್ತಿದ್ದಾಗಲೇ, ಅದರ ಹುಳುಕು ನನಗೆ ಕಾಣುತ್ತಿತ್ತು. ಹುಳುಕು ಎಲ್ಲಿದೆ ಎಂದು ನೀನು ಕೇಳಿದೆ. "ಇದ್ರಲ್ಲಿ ಹುಳುಕಿಲ್ಲ ಕಣೇ" ಎಂದೆ ನಾನು. ಅದು ಸುಳ್ಳು. ಆ ಸುಳ್ಳನ್ನು ನಂಬಿ — ಅಲ್ಲ, ನಂಬಿ ಅಲ್ಲ, ಅದನ್ನು ಆಮೇಲೆ ಹೇಳುತ್ತೇನೆ — ಆ ಸುಳ್ಳಾದ ಮೇಲೆ ನೀನು ಓದು ಬಿಟ್ಟು, ಬೇಡವೆಂದಿದ್ದ ಸೋದರಮಾವನನ್ನೇ ಮದುವೆಯಾಗಿ ಗುಲ್ಬರ್ಗದ ಕಡೆ ಹೊರಟುಹೋದೆ. ಎಷ್ಟೋ ವರ್ಷಗಳ ನಂತರ ನೀನು ಮತ್ತೆ ಕೇಳಿದಾಗ ನಾನು ಇನ್ನೊಂದು ಸುಳ್ಳು ಹೇಳಿದೆ. ಮೊದಲನೆಯದಕ್ಕಿಂತ ಆ ಎರಡನೆಯದು ನನ್ನನ್ನು ಹೆಚ್ಚು ತಿನ್ನುತ್ತಿದೆ.

ನಿನಗೆ ಗೊತ್ತಿರುವುದನ್ನೇ ಇಲ್ಲಿ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿಂದ ಹೇಳದಿದ್ದರೆ ನಡುವೆ ಎಲ್ಲೋ ನುಣುಚಿಕೊಳ್ಳುತ್ತೇನೆ. ನುಣುಚಿಕೊಳ್ಳುವುದು ನಾನು ಕಲಿತ ವಿದ್ಯೆ, ಅದರಲ್ಲೇ ಅನ್ನ ತಿನ್ನುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ಕಾಲೇಜು. ನಾನು ಹೊರಮಾವಿನವಳು — ಸ್ವಂತ ಮನೆ, ಹಿತ್ತಲಲ್ಲಿ ಹಸು, ಅಪ್ಪನ ಹೊಲದಲ್ಲಿ ಲೇಔಟಿನವರು ಬಂದು ಕಲ್ಲು ನೆಡುತ್ತಿದ್ದ ಕಾಲ. ಓದಿದರೂ ಸರಿ, ಓದದಿದ್ದರೂ ಸರಿ, ನನ್ನ ಊಟಕ್ಕೆ ತೊಂದರೆಯಿರಲಿಲ್ಲ. ನೀನು ಬೈಯಪ್ಪನಹಳ್ಳಿಯ ಶೀಟಿನ ಮನೆಗಳ ಸಾಲಿನಲ್ಲಿ ಅವ್ವನ ಜೊತೆ ಬಾಡಿಗೆಗಿದ್ದವಳು. ನಿನ್ನ ಅಪ್ಪ ತೀರಿಕೊಂಡ ಮೇಲೆ ಅವ್ವನ ತಮ್ಮನೇ ನಿಮ್ಮಿಬ್ಬರನ್ನು ಈ ಊರಿಗೆ ಕರೆತಂದು, ಕೋಣೆ ಹುಡುಕಿ, ಕೆಲಸ ಕೊಡಿಸಿ, ತಾನು ವಾಪಸ್ ಹೋಗಿದ್ದ. ಅವ್ವ ಗಾರೆ ಕೆಲಸಕ್ಕೆ ಹೋಗಿ ನಿನ್ನನ್ನು ಬಿ.ಎ. ತನಕ ತಂದಿದ್ದರು. ಓದು ಬಿಟ್ಟರೆ ನಿನಗೆ ಬೇರೆ ದಾರಿಯಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಎಲ್ಲಿಯೂ ಹೇಳುವುದಿಲ್ಲ.

ತತ್ವಶಾಸ್ತ್ರ ತೆಗೆದುಕೊಂಡವರೆಲ್ಲ ಸೇರಿದರೆ ಒಂದು ಬೆಂಚು ತುಂಬುತ್ತಿತ್ತು. ಮೊದಲ ದಿನ ನೀನು ಶಾಲೆಯಲ್ಲಿ ಎನ್ನಲು "ನಮ್ಮ ಸಾಲ್ಯಾಗ" ಎಂದಾಗ ಹಿಂದಿನವರೆಲ್ಲ ಕಿಸಕ್ಕನೆ ನಕ್ಕಿದ್ದರು. ನಾನೂ ನಕ್ಕಿದ್ದೆ. ಅವತ್ತಿನಿಂದ ನೀನು ಹಟ ಹಿಡಿದು ನಮ್ಮ ಹಾಗೆ ಮಾತಾಡಲು ಕಲಿತೆ. "ಹೋಗ್ಬೇಕು, ಬಂದ್ಬಿಟ್ಟೆ, ಏನ್ ಗುರು" — ಶಿವಾಜಿನಗರದ ಹುಡುಗರಿಗಿಂತ ಜೋರಾಗಿ. ಭಾಷಣಕ್ಕೆ ನಿಂತರೆ ಅಚ್ಚುಕಟ್ಟಾದ ಪುಸ್ತಕದ ಕನ್ನಡ. ತುಂಬಾ ಖುಷಿಯಾದಾಗ ಅಥವಾ ಗಾಬರಿಯಾದಾಗ ಮಾತ್ರ ನಿನ್ನ ಊರಿನ ಮಾತು ತಪ್ಪಿ ಹೊರಗೆ ಬೀಳುತ್ತಿತ್ತು. ಈ ಮಾತನ್ನು ನೆನಪಿಟ್ಟುಕೋ, ಮುಂದೆ ಇದೇ ನನ್ನನ್ನು ಕೆಡಿಸಿತು.

ಸೆಲ್ವರಾಜ್ ಸರ್ ನೆನಪಿದ್ದಾರಲ್ಲ. ಹಲಸೂರಿನವರು, ಮನೆಮಾತು ತಮಿಳು, ಕನ್ನಡವನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದರು. ಒಂದು ಪದಕ್ಕೆ ಎರಡು ಅರ್ಥವಿದ್ದಾಗ ವಾದ ಹೇಗೆ ಮೋಸ ಹೋಗುತ್ತದೆ ಎಂದು ಪಾಠ ಮಾಡಿದ ದಿನ ಬೋರ್ಡಿನ ಮೇಲೆ ಬರೆದರು: ನಾಲ್ಕು ಕಾಲು ಸೇರಿದರೆ ಒಂದು ಪೂರ್ತಿ. ಎಮ್ಮೆಗೆ ನಾಲ್ಕು ಕಾಲು. ಮನುಷ್ಯನಿಗೆ ಎರಡೇ ಕಾಲು.

"ಆದ್ದರಿಂದ ಎಮ್ಮೆ ಪೂರ್ತಿ, ಮನುಷ್ಯ ಅರ್ಧ. ಕರೆಕ್ಟಾಮ್ಮ?" ಎಂದರು.

ನೀನು ಎದ್ದು ನಿಂತು, "ಒಂದು ಕಾಲು ಮೈಯಲ್ಲಿರೋದು, ಇನ್ನೊಂದು ಕಾಲು ಲೆಕ್ಕದಲ್ಲಿರೋದು ಸರ್" ಎಂದೆ. ಸರ್ ಚಾಕ್‌ಪೀಸು ಮೇಜಿನ ಮೇಲಿಟ್ಟು ಚಪ್ಪಾಳೆ ತಟ್ಟಿದರು. ನನಗೆ ಉತ್ತರ ಗೊತ್ತಿತ್ತು, ಆದರೆ ನಿನ್ನಷ್ಟು ಬೇಗ ಅಲ್ಲ.

ಆಮೇಲೆ ಚರ್ಚಾಸ್ಪರ್ಧೆ. ಒಂದು ಕಾಲೇಜಿಂದ ಇಬ್ಬರು — ಒಬ್ಬರು ಪರ, ಒಬ್ಬರು ವಿರೋಧ. ಒಂದೇ ತಂಡ, ಎರಡು ಕಡೆ. ಯಾರು ಯಾವ ಕಡೆ ಅನ್ನುವುದು ಚೀಟಿ ಎತ್ತಿದ ಮೇಲೆ. ನಾವಿಬ್ಬರೂ ಎಷ್ಟು ಕಾಲೇಜಿನ ಶೀಲ್ಡುಗಳನ್ನು ಹೊತ್ತುಕೊಂಡು ಬಸ್ಸು ಹತ್ತಿದ್ದೇವೆ! ಕಂಡಕ್ಟರು "ಇದಕ್ಕೂ ಟಿಕೆಟ್ ತಗೋಳ್ರಮ್ಮ" ಎಂದು ರೇಗಿಸುತ್ತಿದ್ದ. ಆದರೆ ಸರ್ ನಮ್ಮನ್ನು ಸುಮ್ಮನೆ ಗೆಲ್ಲಲು ಬಿಡಲಿಲ್ಲ. ಅವರದೊಂದು ನಿಯಮವಿತ್ತು. ಅಭ್ಯಾಸದಲ್ಲಿ ಯಾರು ಗೆಲ್ಲುತ್ತಾರೋ ಅವರೇ ತಮ್ಮ ವಾದದ ಹುಳುಕನ್ನು ಸೋತವರ ಮುಂದೆ ಒಪ್ಪಿಸಬೇಕು, ಚಿಕ್ಕ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ. ಒಪ್ಪಿಸಿದ ಮೇಲೆ ಸೋತವರು ಬೇಕಾದರೆ ತಾವು ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು. "ಹುಳುಕು ಒಪ್ಪಿಸ್ದೆ ಮನೆಗೆ ಹೋದ್ರೆ ನೀವು ವಾದ ಮಾಡ್ಲಿಲ್ಲ, ವ್ಯಾಪಾರ ಮಾಡಿದ್ರಿ" ಎನ್ನುತ್ತಿದ್ದರು.

ನಾವು ಅಭ್ಯಾಸ ಮಾಡುತ್ತಿದ್ದುದು ಸ್ಟೇಷನ್ನಿನಲ್ಲಿ. ನಿನ್ನ ಪ್ಯಾಸೆಂಜರ್ ರೈಲು ಬರುವ ತನಕ ನಾನೂ ಕೂರುತ್ತಿದ್ದೆ, ಆಮೇಲೆ ಶಿವಾಜಿನಗರಕ್ಕೆ ನಡೆದು ಬಸ್ಸು ಹಿಡಿಯುತ್ತಿದ್ದೆ. ದೇವರಿದ್ದಾನೆ, ಇಲ್ಲ, ಸುಳ್ಳು ಹೇಳಬಹುದು, ಬಾರದು, ಕಡಲೆಕಾಯಿ ಹುರಿದದ್ದು ಚೆನ್ನ, ಬೇಯಿಸಿದ್ದು ಚೆನ್ನ — ಏನು ಸಿಕ್ಕರೆ ಅದು. ರೈಲು ಬರುವುದರೊಳಗೆ ಹುಳುಕು ಒಪ್ಪಿಸಬೇಕು. ಒಂದು ದಿನವೂ ತಪ್ಪಿಸಿರಲಿಲ್ಲ, ನೀನೂ ನಾನೂ. ನನ್ನ ಬದುಕಿನಲ್ಲಿ ಯಾರ ಮುಂದೆಯೂ ಅಷ್ಟು ನಿರ್ಭಯವಾಗಿ ನಾನು ತಪ್ಪು ಒಪ್ಪಿಕೊಂಡಿಲ್ಲ. ನಿನ್ನನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆ ಎಂದರೆ — ಅದನ್ನು ಈಗ ಹೇಳಲು ಬಾಯಿಲ್ಲ ನನಗೆ.

ಕೊನೆಯ ವರ್ಷ ಆ ನೋಟೀಸು ಬಂತು. ರಾಜ್ಯಮಟ್ಟದ ಸ್ಪರ್ಧೆ, ಕಾಲೇಜಿಗೆ ಒಬ್ಬರೇ.

ನಾವಿಬ್ಬರೂ ಆ ನೋಟೀಸನ್ನು ಒಟ್ಟಿಗೆ ಓದಿ, ಅದರ ಬಗ್ಗೆ ಒಂದು ಮಾತೂ ಆಡದೆ ಕ್ಲಾಸಿಗೆ ಹೋದೆವು. ನನಗೆ ಹೋಗಬೇಕು ಅನ್ನಿಸಿತ್ತು. ನಿನಗೂ ಅನ್ನಿಸಿರಬೇಕು ಎಂದುಕೊಂಡೆ. ಒಂದೆರಡು ದಿನ ಬಿಟ್ಟು ಸರ್ ನಿನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ನಾನು ಹಾಜರಾತಿ ಪುಸ್ತಕ ಕೊಡುವ ನೆಪ ಮಾಡಿಕೊಂಡು ಹಿಂದೆಯೇ ಬಂದೆ — ಹೌದು, ನೆಪವೇ. ಬಾಗಿಲ ಪಕ್ಕ ನಿಂತೆ. ಸರ್ ಏನೋ ಕೇಳಿದರು, ನನ್ನ ಹೆಸರು ಕಿವಿಗೆ ಬಿತ್ತು. ನೀನು ಹೇಳಿದೆ:

"ಆಕಿ ಅಡ್ಡಿ ಇಲ್ರಿ ಸರ್."

ಅಷ್ಟೇ ಕೇಳಿದ್ದು. ಆಕಿ ಅಡ್ಡಿ ಇಲ್ಲ. ಅವಳೇನೂ ಅಡ್ಡ ಬರುವವಳಲ್ಲ, ಅವಳನ್ನು ನೀವು ಲೆಕ್ಕಕ್ಕೆ ಇಡಬೇಡಿ, ನನ್ನನ್ನು ಕಳಿಸಿ — ನನಗೆ ಕೇಳಿಸಿದ್ದು ಹಾಗೆ. ಮತ್ತೆ ನೋಡು, ಊರಿನ ಮಾತು ಆಡಿದ್ದೆ ನೀನು. ಗಾಬರಿಯಾದಾಗ ತಾನೇ ಅದು ಬರುವುದು? ಗಾಬರಿ ಯಾಕೆ? ಗೆಳತಿಯ ಬೆನ್ನ ಹಿಂದೆ ಮಾತಾಡುತ್ತಿದ್ದುದಕ್ಕೆ. ಎಷ್ಟು ಚೊಕ್ಕವಾಗಿ ಕೂಡಿಸಿದೆ ನೋಡು ನಾನು ಎಲ್ಲವನ್ನೂ! ತರ್ಕ ಓದಿದವಳಲ್ಲವೇ. ಪುಸ್ತಕವನ್ನು ಅಲ್ಲೇ ಕಿಟಕಿಯ ಮೇಲಿಟ್ಟು ಮೆಟ್ಟಿಲಿಳಿದೆ.

ಆದರೂ ಕಾದೆ. ನೀನು ಬಂದು ಹೇಳುತ್ತೀ ಎಂದು. "ಸರ್ ಯಾಕೆ ಕರ್ದಿದ್ರೇ?" ಎಂದು ನಾನೇ ಕೇಳಿದೆ. ನೀನು ಕಣ್ಣು ತಪ್ಪಿಸಿ, "ಏನಿಲ್ಲ ಬಿಡೇ, ಸುಮ್ನೆ" ಎಂದೆ. ಆಗ ನನ್ನೊಳಗೆ ಏನೋ ಮುರಿಯಿತು. ಸ್ಪರ್ಧೆ ಹೋಗಲಿ, ಹಾಳಾಗಲಿ. ನೀನು ನನ್ನ ಕಣ್ಣೆದುರೇ ಮುಚ್ಚಿಟ್ಟೆಯಲ್ಲ — ಕಡಲೆಕಾಯಿಯ ವಾದಕ್ಕೂ ಹುಳುಕು ಒಪ್ಪಿಸುತ್ತಿದ್ದವಳು! ಆ ವಾರವೆಲ್ಲ ನಿನ್ನ ಜೊತೆ ನಕ್ಕೆ, ಊಟದ ಡಬ್ಬಿ ಹಂಚಿಕೊಂಡೆ, ಮನೆಗೆ ಹೋಗಿ ಹಿತ್ತಲಲ್ಲಿ ಹಸುವಿನ ಪಕ್ಕ ನಿಂತು ಅತ್ತೆ. ಬಡವರ ಹುಡುಗಿ ಎಂದು ಹತ್ತಿರ ಸೇರಿಸಿಕೊಂಡರೆ ಹೀಗೆ — ಥೂ, ಇದನ್ನೂ ಬರೆಯುತ್ತೇನೆ, ಬರೆಯದೆ ಬಿಡುವುದಿಲ್ಲ — ಹೀಗೂ ಯೋಚಿಸಿದೆ ನಾನು. ನಿನ್ನನ್ನು ನಾನು "ಸೇರಿಸಿಕೊಂಡವಳು" ಎಂಬ ದೊಡ್ಡಸ್ತಿಕೆ ಅಷ್ಟು ದಿನ ನನ್ನೊಳಗೆ ಎಲ್ಲಿ ಅಡಗಿತ್ತೋ.

ಆ ವಾರದ ಕೊನೆಯಲ್ಲೇ ನೀನು ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದುಕೊಂಡೆ. ಗಾಬರಿಯಲ್ಲಿದ್ದೆ. ನಿಜವಾದ ಗಾಬರಿ, ನಿಜವಾದ ಊರಿನ ಮಾತು.

"ಐತವಾರ ಮಾವ ಬರ್ತಾನ. ಲಗ್ನದ ಮಾತು. ನಾ ಒಲ್ಲೆ ಅಂತ ಹೇಳಾಕಿ ಇದ್ದೀನಿ ವನಜಾ. ಓದು ಮುಗಸ್ತೀನಿ, ಲಾ ಓದ್ತೀನಿ ಅಂತ ಹೇಳ್ತೀನಿ. ಅವ್ವನ ಮುಂದ ನನಗ ಬಾಯಿ ಬರಂಗಿಲ್ಲ. ಇವತ್ತ ನೀ ನಮ್ಮವ್ವ ಆಗು. ಆಕಿ ಏನೇನ ಕೇಳ್ತಾಳ ಎಲ್ಲಾ ಕೇಳು. ಬಿಡಬ್ಯಾಡ ನನ್ನ."

ಬಿಡಬ್ಯಾಡ ನನ್ನ. ಸಡಿಲ ಬಿಡಬೇಡ ಎಂಬ ಅರ್ಥದಲ್ಲಿ ಹೇಳಿದ್ದೆ ನೀನು.

ಮೊದಲು ನೀನು ಮಾತಾಡಿದೆ. ಚೆನ್ನಾಗಿ ಮಾತಾಡಿದೆ. ಮಗಳನ್ನು ಕೊಡುತ್ತೇನೆಂದು ಅವ್ವ ತಮ್ಮನಿಗೆ ಕೊಟ್ಟ ಮಾತು ಅವ್ವನದು. ಮಾತು ಕೊಟ್ಟವರನ್ನು ಕಟ್ಟುತ್ತದೆಯೇ ಹೊರತು ಯಾರ ಮೇಲೆ ಕೊಟ್ಟರೋ ಅವರನ್ನಲ್ಲ. ಮಾವ ಒಳ್ಳೆಯವನು, ಸರಿ. ಒಳ್ಳೆಯವರನ್ನೆಲ್ಲ ಮದುವೆಯಾಗಲು ಆಗುತ್ತದೆಯೇ? ಕೇಳಿ ನನಗೆ ನಗು ಬಂತು. ಇಷ್ಟನ್ನೇ ಭಾನುವಾರ ಹೇಳಿದ್ದರೆ ಸಾಕಿತ್ತು. ನಿನ್ನವ್ವ ಅಳುತ್ತಿದ್ದರು, ಮಾವ ಮುನಿಸಿಕೊಂಡು ಹೋಗುತ್ತಿದ್ದ, ಅಷ್ಟೇ ಆಗುತ್ತಿತ್ತು.

ಆಮೇಲೆ ನಾನು ನಿನ್ನ ಅವ್ವನಾದೆ.

"ಹುಟ್ಟಿದಾಗಿಂದ ನಿನ್ನ ಸಾಕಿದ್ದು ಯಾರೇ?" ಎಂದೆ. ಅವ್ವ ಎಂದೆ ನೀನು. "ಹಂಗಾದ್ರೆ ನಿನ್ನ ಮೇಲೆ ಅವ್ವನ ಋಣ ಇದ್ಯೋ ಇಲ್ವೋ?" ಇದೆ ಎಂದೆ. "ಋಣ ತೀರಿಸ್ಬೇಕೋ ಬೇಡ್ವೋ?" ಬೇಕು ಎಂದೆ ನೀನು. "ಋಣ ತೀರಿಸೋವಾಗ ಕೊಟ್ಟೋರು ಕೇಳಿದ್ದನ್ನ ಕೊಡ್ಬೇಕೋ, ನಮಗೆ ಇಷ್ಟ ಬಂದಿದ್ದನ್ನೋ? ರಾಗಿ ಇಸ್ಕೊಂಡೋರು ರಾಗಿನೇ ಕೊಡ್ಬೇಕು ತಾನೇ? ನಾನು ಬೇಕಾದ್ರೆ ಹಾಡು ಹೇಳ್ತೀನಿ ಅಂದ್ರೆ ಆಗತ್ತಾ?" ನಾನು ಬಿಡಲಿಲ್ಲ. "ಲಾ ಓದಿ ದೊಡ್ಡ ಮನುಷ್ಯಳಾಗ್ತೀಯ, ಅದು ನಿನಗೆ ಇಷ್ಟ ಬಂದಿದ್ದು. ನಿಮ್ಮವ್ವ ಜೀವಮಾನದಲ್ಲಿ ನಿನ್ನ ಕೇಳಿರೋದು ಒಂದೇ ಒಂದು. ಅದನ್ನ ಕೊಡಲ್ಲ ಅಂದ್ರೆ ಇಷ್ಟು ವರ್ಷ ನೀನು ಉಂಡಿದ್ದೇನು?"

ಕಠಿಣವಾಗಿ ಹೇಳಿದೆ. ವೇದಿಕೆಯ ಮೇಲೆ ಕೊನೆಯ ಗಂಟೆ ಬಾರಿಸುವ ಮುಂಚೆ ದನಿ ತಗ್ಗಿಸಿ ಹೇಳುತ್ತೇವಲ್ಲ, ಹಾಗೆ ಹೇಳಿದೆ. ನಿನ್ನ ಮುಖ ಇಳಿದುಹೋಯಿತು. ನನಗೆ ಸಂತೋಷವಾಯಿತು ಶರಣು. ಅಡ್ಡಿ ಇಲ್ಲದವಳು ಏನು ಮಾಡಬಲ್ಲಳು ನೋಡು ಎಂದು ಸಂತೋಷವಾಯಿತು.

ಹುಳುಕು ಎಲ್ಲಿತ್ತು ಎಂದು ಇವತ್ತು ಒಪ್ಪಿಸುತ್ತೇನೆ. ಋಣ ಎಂಬ ಪದದಲ್ಲಿತ್ತು. ತಾಯಿಯ ಋಣ ಎಂದು ನಾವು ಅನ್ನುವುದು ಒಂದು ಸಂಬಂಧಕ್ಕೆ, ಒಂದು ಪ್ರೀತಿಗೆ. ರಾಗಿಯ ಋಣ ಸಾಲ. ಸಾಲ ಮಾಡುವವರು ಕೇಳಿ, ಒಪ್ಪಿ, ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ಹಾಲು ಕುಡಿಯುವ ಮಗು ಯಾವ ಕರಾರಿಗೂ ಒಪ್ಪಿರುವುದಿಲ್ಲ. ಮೊದಲನೆಯ ಸಾಲಿನಲ್ಲಿ ಒಂದು ಋಣ ಇಟ್ಟು, ಮೂರನೆಯ ಸಾಲಿನಲ್ಲಿ ಸದ್ದಿಲ್ಲದೆ ಇನ್ನೊಂದನ್ನು ತಂದು ಕೂರಿಸಿದ್ದೆ. ಬರೀ ಎಮ್ಮೆಯ ಕಾಲು. ಇದು ತಪ್ಪಿ ಬಂದದ್ದಲ್ಲ, ಬೇಕೆಂದೇ ಕೂರಿಸಿದ್ದು.

ನೀನು ಹಳಿಯ ಕಡೆ ನೋಡಿದೆ. ಆಮೇಲೆ ಕೇಳಿದೆ:

"ಹುಳುಕು ಎಲ್ಲದ ವನಜಾ?"

ರೈಲು ತಡವಾಗಿತ್ತು. ಅದನ್ನು ನೆಪ ಮಾಡಿಕೊಳ್ಳುವಂತಿಲ್ಲ. ಹೇಳಲು ಬೇಕಾದಷ್ಟು ಸಮಯವಿತ್ತು. ನನ್ನ ನಾಲಿಗೆಯ ತುದಿಯಲ್ಲೇ ಇತ್ತು — ಋಣ ಅನ್ನೋ ಪದ ನೋಡೇ, ಎಂದರೆ ಮುಗಿಯುತ್ತಿತ್ತು. ನೀನು ನಕ್ಕು ನನ್ನ ಬೆನ್ನಿಗೆ ಗುದ್ದುತ್ತಿದ್ದೆ. ಆದರೆ ನನಗೆ "ಏನಿಲ್ಲ ಬಿಡೇ, ಸುಮ್ನೆ" ನೆನಪಾಯಿತು. ನೀನು ಮುಚ್ಚಿಟ್ಟೆ ತಾನೇ. ನಾನೂ ಮುಚ್ಚಿಡುತ್ತೇನೆ.

"ಇದ್ರಲ್ಲಿ ಹುಳುಕಿಲ್ಲ ಕಣೇ. ನಂಗೇನೂ ಕಾಣ್ತಿಲ್ಲ."

ನೀನು ನನ್ನ ಮುಖ ನೋಡಿದೆ. "ಖರೇನಾ?" ಎಂದೆ. "ಖರೇನೇ" ಎಂದೆ ನಾನು, ನಿನ್ನದೇ ಮಾತಿನಲ್ಲಿ. ರೈಲು ಬಂತು, ನೀನು ಹತ್ತಿದೆ, ಕೈ ಬೀಸಲಿಲ್ಲ.

ಭಾನುವಾರ ನೀನು ಒಪ್ಪಿಬಿಟ್ಟೆ. ಸೋಮವಾರ ನಿನ್ನ ಅವ್ವ ಕಾಲೇಜಿನ ಗೇಟಿಗೆ ಬಂದಿದ್ದರು, ನನ್ನನ್ನು ಹುಡುಕಿಕೊಂಡು. ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಚಟ್ನಿಪುಡಿಯಂಥ ಶೇಂಗಾ ಹಿಂಡಿ ನನ್ನ ಕೈಗಿಟ್ಟು, "ನೀ ಬುದ್ಧಿ ಹೇಳ್ದಿ ಅಂತಲ್ಲವ್ವ. ನನ್ನ ಮಾತು ಉಳಸ್ದಿ. ನಿನ್ನ ಹೊಟ್ಟಿ ತಣ್ಣಗಿರ್ಲಿ" ಎಂದರು. ಸಿಮೆಂಟಿನಿಂದ ಒಡೆದ ಆ ಕೈಗಳಿಂದ ನನ್ನ ಕೆನ್ನೆ ಸವರಿದರು. ಆ ರೊಟ್ಟಿಯನ್ನು ಎಸೆಯಲಾಗಲಿಲ್ಲ. ತಿಂದೆ.

ರಾಜ್ಯಮಟ್ಟಕ್ಕೆ ಸರ್ ನನ್ನನ್ನೇ ಕಳಿಸಿದರು. ನೀನು ಇಲ್ಲವಲ್ಲ, ಅದಕ್ಕೆ ನನಗೆ ಬಂತು ಎಂದುಕೊಂಡೆ. ಗೆದ್ದೆ. ವಿಷಯ ಏನಿತ್ತು ಎಂಬುದೇ ಈಗ ನೆನಪಿಲ್ಲ.

ಮುಂದೆ ನಾನು ಎಂ.ಎ. ಮಾಡಿ ಪಿಯು ಮಕ್ಕಳಿಗೆ ತರ್ಕಶಾಸ್ತ್ರದ ಮೇಡಂ ಆದೆ. ಪ್ರತಿವರ್ಷ ಎಮ್ಮೆಯ ಪಾಠ ಮಾಡುತ್ತೇನೆ, ಪ್ರತಿವರ್ಷ ಮಕ್ಕಳು ನಗುತ್ತಾರೆ. ನಿನ್ನ ಬಗ್ಗೆ ಯೋಚಿಸಲಿಲ್ಲ ಎಂದರೆ ಸುಳ್ಳು. ಯೋಚಿಸಿದಾಗಲೆಲ್ಲ ತಕ್ಕಡಿ ಹಿಡಿಯುತ್ತಿದ್ದೆ. ನನ್ನದು ತಪ್ಪು, ಸರಿ — ಆದರೆ ಮೊದಲು ಮೋಸ ಮಾಡಿದ್ದು ಯಾರು? ಈ "ಆದರೆ" ಇದ್ದುದರಿಂದ ನಾನು ಸುಖವಾಗಿ ನಿದ್ದೆ ಮಾಡಿದ್ದೇನೆ. ಅದನ್ನು ಜೋಪಾನವಾಗಿ ಕಾಪಾಡಿಕೊಂಡೆ. ನಿನ್ನಿಂದ ಮೋಸ ಹೋದವಳು ನಾನು, ಎಂಬುದು ನನಗೆ ಬೇಕಾಗಿತ್ತು.

ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ, ಕೆ.ಆರ್. ಪುರದ ಸಂತೆಯಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ ಯಾರೋ ನನ್ನ ಭುಜ ಹಿಡಿದರು. ನಿನ್ನ ಅವ್ವ. ಬಾಗಿಹೋಗಿದ್ದರು. "ವನಜವ್ವ! ಶರಣಿ ಬಂದಾಳ, ಮಕ್ಕಳನ್ನ ಕರ್ಕೊಂಡು. ಮನಿಗಿ ಬಾರವ್ವ, ಹಳೀ ಮನೀನೇ" ಎಂದರು. ಇನ್ನೂ ಆ ಉಪಕಾರ ಮರೆತಿರಲಿಲ್ಲ.

ಮಾರನೆಯ ಮಧ್ಯಾಹ್ನ ಬಂದೆ. ಬರುವಾಗ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ, ಹಳೆಯ ಚಟ. ಮೊದಲು ನನ್ನ ಹುಳುಕು ಒಪ್ಪಿಸುವುದು. ಆಮೇಲೆ, ಮೆಲ್ಲಗೆ, ನಿನ್ನದನ್ನು ಎತ್ತುವುದು: ನೀನೂ ಸರ್ ಹತ್ತಿರ ಹಂಗಂದಿದ್ದೆ ಅಲ್ವೇನೇ? ಇಬ್ಬರೂ ಅತ್ತು, ಲೆಕ್ಕ ಸರಿಹೋಯಿತು ಎಂದು ಎದ್ದು ಬರುವುದು.

ನೀನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಎದ್ದು ಬಂದೆ. ನಾನು ಬಾಗಿಲಲ್ಲೇ ಕೇಳಿದೆ, ಎಲ್ಲರೂ ಕೇಳುವ ಹಾಗೆ, "ಹೆಂಗಿದ್ದೀಯೇ ಶರಣು?"

"ಅಡ್ಡಿ ಇಲ್ಲ" ಎಂದೆ ನೀನು.

ಆ ಮಾತು! ಅಷ್ಟು ವರ್ಷ ನಾನು ಹೊತ್ತು ತಿರುಗಿದ ಮಾತು, ನೀನು ಹಿಟ್ಟು ಒರೆಸಿಕೊಳ್ಳುತ್ತಾ ಅಂದುಬಿಟ್ಟೆ. ನನ್ನ ಬಾಯಿಂದ ತಾನಾಗಿಯೇ ಬಂತು, "ಅಡ್ಡಿ ಇಲ್ಲ ಅಂದ್ರೆ?"

ನೀನು ಜೋರಾಗಿ ನಕ್ಕೆ. "ನೋಡ, ಸೆಲ್ವರಾಜ್ ಸರೂ ಹಿಂಗೇ ಕೇಳಿದ್ರು! ನಿನ್ನ ಬಗ್ಗೇನೇ. ವನಜಾ ಹ್ಯಾಂಗಮ್ಮ, ರಾಜ್ಯಮಟ್ಟಕ್ಕ ಆಗ್ತಾಳಾ ಅಂದ್ರು. ಆಕಿ ಅಡ್ಡಿ ಇಲ್ರಿ ಅಂದೆ. ಸರ್‌ಗ ತಿಳೀಲಿಲ್ಲ, ಅಂದ್ರ ಏನಮ್ಮ ಅಂತ ಕೇಳಿದ್ರು. ಚಲೋ ಅದಾಳ ಅಂತ್ರಿ ಸರ್, ನಮ್ಮ ಕಡಿ ಇದಕಿಂತ ಹೆಚ್ಚಿಗಿ ಯಾರನ್ನೂ ಹೊಗಳಂಗಿಲ್ರಿ ಅಂದೆ. ಬಿದ್ದು ಬಿದ್ದು ನಕ್ರು ಸರ್. ಮನ್ಯಾಗ ಲಗ್ನದ ಗದ್ದಲ ನಡದದ, ನಾ ಬರಂಗಿಲ್ರಿ, ಆಕಿನ್ನೇ ಕಳಸ್ರಿ ಅಂತ ಹೇಳ್ದೆ. ಪ್ರಿನ್ಸಿಪಾಲ್ರು ಹ್ಞೂಂ ಅನ್ನೋ ತನಕ ನಿನಗ ಹೇಳಬ್ಯಾಡ ಅಂದಿದ್ರು. ಹೊಟ್ಯಾಗ ಇಟ್ಕೊಳಾಕ ಎಷ್ಟ ಕಷ್ಟ ಆತು ನನಗ!"

ಸರ್ ಕೇಳಿದ್ದರು. ತಮಿಳು ಮನೆಮಾತಿನವರು, ತಿಳಿಯದ ಮಾತಿಗೆ ಅಂದರೆ ಏನು ಎಂದು ಕೇಳಿದ್ದರು. ನಾನು ಕನ್ನಡದವಳು, ಎಲ್ಲ ತಿಳಿದವಳು, ಮೆಟ್ಟಿಲಿಳಿದು ಹೋಗಿದ್ದೆ. ಅದು ಖುಷಿಗೆ ಬಂದ ಊರಿನ ಮಾತಾಗಿತ್ತು. ಅಷ್ಟು ವರ್ಷ ಮೋಸ ಹೋದವಳು ಎಂದುಕೊಂಡಿದ್ದೆನಲ್ಲ, ಹೋದದ್ದು ಹೌದು — ಮಾಡಿದ್ದು ನೀನಲ್ಲ. ಬಸ್ಸಿನಲ್ಲಿ ಜೋಡಿಸಿದ್ದ ಮಾತಿನಲ್ಲಿ ಅರ್ಧ ಅಲ್ಲಿಯೇ ಸತ್ತುಹೋಯಿತು.

ಉಳಿದ ಅರ್ಧವನ್ನು ಹೇಗೋ ಹೇಳಿದೆ. "ಅವತ್ತು ಸ್ಟೇಷನ್ನಲ್ಲಿ, ಋಣ ಅಂತ ನಾನು ಅಂದ್ನಲ್ಲ... ಅದ್ರಲ್ಲಿ ಹುಳುಕಿತ್ತು ಕಣೇ."

ನೀನು ಮತ್ತೆ ಒಲೆಯ ಮುಂದೆ ಕೂತೆ. ರೊಟ್ಟಿ ತಿರುವಿ ಹಾಕಿದೆ.

"ಗೊತ್ತದ. ಸರ್ ಹೇಳ್ದ ಎಮ್ಮಿ ಲೆಕ್ಕ. ಒಂದು ಋಣ ಮನಸಿನಾಗಿಂದು, ಒಂದು ಋಣ ಲೆಕ್ಕದಾಗಿಂದು. ನನಗ ಅಲ್ಲೇ ತಿಳೀತು."

"ಅಲ್ಲೇ?" ಎಂದೆ ನಾನು. "ಮತ್ತೆ ನನ್ನ ಯಾಕೆ ಕೇಳ್ದೆ?"

"ನೀ ಹೇಳ್ತಿ ಅಂತ ಕುಂತೆ. ತಿಳ್ಕೊಬೇಕಂತ ಅಲ್ಲ ವನಜಾ, ನೀ ನನ್ನ ಕಡಿ ಇದ್ದಿ ಇಲ್ಲೋ ಅಂತ. ಅವ್ವ ಆ ಕಡಿ, ಮಾವ ಆ ಕಡಿ, ಊರು ಆ ಕಡಿ. ನೀನೂ ಇಲ್ಲ ಅಂದ ಮ್ಯಾಲ ನಾ ಒಬ್ಬಾಕಿ ಯಾರ ಮುಂದ ವಾದ ಮಾಡ್ಲಿ? ಐತವಾರ ಬಾಯೇ ಬರ್ಲಿಲ್ಲ ನನಗ."

ಆಗ ನನಗೆ ತಿಳಿಯಿತು. ನನ್ನ ವಾದ ನಿನ್ನನ್ನು ಗೆದ್ದಿರಲೇ ಇಲ್ಲ. ಅಷ್ಟು ವರ್ಷ ಒಳಗೊಳಗೇ, ಪಾಪಪ್ರಜ್ಞೆಯ ಅಡಿಯಲ್ಲಿ, ಎಂಥ ವಾದ ಮಾಡಿದೆ ಎಂಬ ಜಂಬವೂ ಒಂದಿಷ್ಟು ಇತ್ತು. ಅದೂ ಹೋಯಿತು. ನೀನು ಸೋತದ್ದು ತರ್ಕಕ್ಕಲ್ಲ. ನನ್ನ ಮುಖ ನೋಡಿ ಸೋತೆ.

ಆಮೇಲೆ ನೀನು ತಲೆಯೆತ್ತಿ ಕೇಳಿದೆ, ತುಂಬಾ ಮೆತ್ತಗೆ:

"ಖರೇ ಹೇಳು. ಅವತ್ತು ನಿನಗ ಕಂಡಿರ್ಲಿಲ್ಲೇನು?"

ಕಂಡಿರಲಿಲ್ಲ ಎಂದು ನಾನು ಹೇಳಲಿ ಎಂದು ನಿನ್ನ ಕಣ್ಣು ಬೇಡುತ್ತಿತ್ತು. ಅದು ನನಗೆ ಚೆನ್ನಾಗಿ ಕಂಡಿತು. ಎದುರಿನವರಿಗೆ ಏನು ಕೇಳಬೇಕಾಗಿದೆ ಎಂದು ಕಾಣುವುದೇ ತಾನೇ ನನ್ನ ಕಸುಬು.

"ಇಲ್ಲ ಕಣೇ," ಎಂದೆ. "ಪಾಠ ಮಾಡೋಕ್ ಶುರು ಮಾಡಿದ್ಮೇಲೆ ಹೊಳೀತು."

ನಿನ್ನ ಮುಖ ಹೇಗೆ ಸಡಿಲವಾಯಿತು ಶರಣು! ಸೆರಗಿನಿಂದ ಕಣ್ಣೊರೆಸಿಕೊಂಡೆ. "ಹಂಗಾರ ಬಿಡು. ನೀ ಕಂಡೂ ಸುಮ್ಕಿದ್ದಿ ಅಂತ ತಿಳ್ಕೊಂಡು ಇಷ್ಟು ವರ್ಷ ನಿನ್ನ ಮ್ಯಾಲ ಸಿಟ್ಟು ಇಟ್ಕೊಂಡಿದ್ದೆ ನೋಡ ನಾ. ತಪ್ಪಾತು" ಎಂದೆ. ನೀನು, ನನಗೆ, ತಪ್ಪಾಯಿತು ಎಂದೆ. ಬಿಸಿ ರೊಟ್ಟಿ ತಟ್ಟೆಗೆ ಹಾಕಿ, ಹಿಂಡಿಯ ಮೇಲೆ ಎಣ್ಣೆ ಬಿಟ್ಟು ನನ್ನ ಮುಂದಿಟ್ಟೆ. ಎರಡನೆಯ ಸಲವೂ ತಿಂದೆ.

ಹೊರಡುವಾಗ ನಿನ್ನ ಮಗಳು ಬಾಗಿಲಲ್ಲಿ ನಿಂತಿದ್ದಳು. "ಈಕಿ ಮಾತಿಗಿ ಮಾತು ಕೊಡ್ತಾಳ, ಓದಸ್ಬೇಕು ಈಕಿನ್ನ" ಎಂದೆ ನೀನು. ನಿನ್ನ ಬದುಕಿನ ಬಗ್ಗೆ ಮತ್ತೇನೂ ನಾನು ಕೇಳಲಿಲ್ಲ. ಬಾಗಿಲಲ್ಲಿ ನೀನಂದ "ಅಡ್ಡಿ ಇಲ್ಲ" ಚೆನ್ನಾಗಿದ್ದೇನೆ ಎಂದೋ, ಸಾಗುತ್ತಿದೆ ಬಿಡು ಎಂದೋ, ಅರ್ಥ ಗೊತ್ತಾದ ಮೇಲೂ ನನಗೆ ಗೊತ್ತಾಗಿಲ್ಲ. ಮುಂದಿನ ಸಲ ಕೇಳುತ್ತೇನೆ. ಅಂದರೆ ಏನು ಎಂದು ಕೇಳುತ್ತೇನೆ.

ನೀನು ದೀಪಾವಳಿಗೆ ಬರುತ್ತೀ ಎಂದು ಅವ್ವ ಹೇಳಿದ್ದಾರೆ. ಇದನ್ನು ನಿನ್ನ ಎದುರು ಕೂತು ನಾನೇ ಓದುತ್ತೇನೆ. ನೀನು ಎದ್ದು ಹೋದರೂ ಮುಗಿಯುವ ತನಕ ಓದುತ್ತೇನೆ. ಕಂಡಿತ್ತು. ಅವತ್ತೇ ಕಂಡಿತ್ತು. ಕಂಡೂ ಸುಮ್ಮನಿದ್ದೆ. ಯಾರನ್ನು ನೀನು ಸರ್ ಮುಂದೆ ಅಡ್ಡಿ ಇಲ್ಲ ಎಂದೆಯೋ ಅವಳೇ ನಿನಗೆ ಅಡ್ಡಿಯಾದಳು.

ಹುಳುಕು ಒಪ್ಪಿಸಿದ ಮೇಲೆ ಸೋತವರು ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಬಹುದು, ಸರ್ ಮಾಡಿದ ನಿಯಮ. ಆ ಭಾನುವಾರ ನೀನು ಕೊಟ್ಟ ಒಪ್ಪಿಗೆಯನ್ನು ವಾಪಸ್ ಕೊಡಿಸುವುದು ನನ್ನಿಂದ ಆಗುವುದಿಲ್ಲ. ಆದರೆ ಒಲೆಯ ಮುಂದೆ ಕೂತು "ತಪ್ಪಾತು" ಎಂದೆಯಲ್ಲ — ತಪ್ಪು ನಿನ್ನದಲ್ಲ, ಶರಣು. ಆ ಮಾತನ್ನು ವಾಪಸ್ ತಗೋ. ನಿನ್ನ ಸಿಟ್ಟನ್ನೂ ವಾಪಸ್ ತಗೋ.